ಮೇಕೆ ಕೂದಲಿನ ಗಾಳ

ಹನುಮಂತಣ್ಣಾ,

ಬದುಕಿದ್ದಾಗ ನಿಮ್ಮನ್ನು ಒಮ್ಮೆಯೂ 'ನೀವು' ಅಂದವನಲ್ಲ ನಾನು. ನನಗಿಂತ ಹದಿನೈದು ವರ್ಷ ದೊಡ್ಡವರು ನೀವು. ಆದರೂ ಕುರಿ ಸಾಕುವವರನ್ನು ಏಕವಚನದಲ್ಲಿ ಕರೆಯುವುದು ಶಿಕಾರಿಪುರದ ಪಾತ್ರೆ ಅಂಗಡಿಯವನಾದ ನನಗೆ ಸಹಜವೇ ಅನ್ನಿಸಿತ್ತು. ನೀವು ಮಾತ್ರ ಮಾತುಮಾತಿಗೂ 'ರೀ' ಸೇರಿಸುತ್ತಿದ್ದಿರಿ. ಈಗ ಬಹುವಚನ ಬರೆಯುತ್ತಿದ್ದೇನೆ. ಯಾರಿಗೆ ಬೇಕಿತ್ತು ಇದು, ಈಗ?

ಮೊದಲ ಸಲ ಹೊಸಬಾಳೆಗೆ ಬಂದು ನಿಮ್ಮ ಕುರಿ ದೊಡ್ಡಿಯ ಮುಂದೆ ಸ್ಕೂಟರ್ ನಿಲ್ಲಿಸಿದ ದಿನ ನೆನಪಿದೆಯೇ? ಮೇಕೆ ಬಾಲದ ಕೂದಲು ಬೇಕು ಎಂದಾಗ, ಮಾಟ ಮಾಡಿಸುವವನೇನೋ ಎಂದು ನೀವು ಎರಡು ಹೆಜ್ಜೆ ಹಿಂದೆ ಸರಿದಿರಿ. ಫೋನಿನಲ್ಲಿ ವಿಡಿಯೋ ತೋರಿಸಿದೆ. ಸೀಸದ ಗುಂಡು ಕೂರಿಸಿದ ಗಾಳ, ಅದರ ಕತ್ತಿಗೆ ದಾರದಿಂದ ಬಿಗಿದ ಕೂದಲು. ಜಿಗ್ ಅನ್ನುತ್ತಾರೆ. ನೀರಿಗೆ ಬಿಟ್ಟರೆ ಕೂದಲು ಮರಿಮೀನಿನಂತೆ ಅಲುಗಾಡುತ್ತದೆ, ಅದನ್ನು ನುಂಗಲು ದೊಡ್ಡ ಮೀನು ಬರುತ್ತದೆ. ಅಂಬ್ಲಿಗೊಳದ ಹಿನ್ನೀರಿನಲ್ಲಿ ಎರೆಹುಳು ಸಿಕ್ಕಿಸಿಯೇ ಮೀನು ಹಿಡಿಯುತ್ತಿದ್ದ ನಿಮಗೆ ನಗು ತಡೆಯಲಾಗಲಿಲ್ಲ. "ಮೀನಿಗೆ ಮೋಸ ಮಾಡಕ್ಕೆ ಇಷ್ಟೆಲ್ಲ ಕಲೀಬೇಕೇನ್ರೀ ಸಾಹುಕಾರ್ರೆ?"

ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಮೀನಿನ ಹೆಸರನ್ನೂ ಎತ್ತುವವರಲ್ಲ. ನಾನು ತಿನ್ನುವುದಿಲ್ಲ, ಹಿಡಿದು ಬಿಟ್ಟುಬಿಡುತ್ತೇನೆ ಎಂದರೆ ಯಾರು ಕೇಳುತ್ತಾರೆ? ದಾರದ ತುದಿಯಲ್ಲಿ ಕಾಣದ ಜೀವವೊಂದು ಜಗ್ಗುವಾಗ ಮೈಯಲ್ಲಿ ಆಗುವುದನ್ನು ಹೇಗೆ ವಿವರಿಸುವುದು? ಹಾಗಾಗಿ ಭಾನುವಾರಗಳಂದು 'ಗಿರಾಕಿ ನೋಡಿ ಬರ್ತೀನಿ' ಎಂದು ಸುಳ್ಳು ಹೇಳಿ ನಿಮ್ಮಲ್ಲಿಗೆ ಬರುತ್ತಿದ್ದೆ.

ನಾನು ಕಟ್ಟಿದ ಮೊದಲ ಜಿಗ್ ಗಡ್ಡದ ಬ್ರಶ್ಶಿನಂತಿತ್ತು. ಎರಡನೆಯದರ ಕೂದಲು ಅಂಗೈಯಲ್ಲೇ ಉದುರಿತು. ನೀವು ಜನ್ಮದಲ್ಲಿ ಜಿಗ್ ಕಂಡವರಲ್ಲ, ಆದರೆ ಉಣ್ಣೆ ಹೊಸೆದ ಬೆರಳುಗಳು ನಿಮ್ಮವು. "ಅರ್ಧ ತೆಗೀರಿ. ಇಷ್ಟು ದಪ್ಪ ಇದ್ರೆ ಮೀನು ಹೆದರ್ಕೊಂಡು ಓಡುತ್ತೆ. ಬೆರಳು ಒದ್ದೆ ಮಾಡ್ಕಳ್ರಿ. ದಾರ ಸಡಿಲ ಬಿಡ್ಬೇಡ್ರಿ, ಒಂದು ಸುತ್ತಿನ ಮಗ್ಗುಲಿಗೇ ಇನ್ನೊಂದು." ಗಂಟು ಬಿಚ್ಚದಿರಲೆಂದು ನಾನು ಮಗಳ ಉಗುರಿನ ಬಣ್ಣ ಕದ್ದು ತಂದು ಹಚ್ಚಿದಾಗ ನೀವು ಕೆಮ್ಮು ಬರುವವರೆಗೂ ನಕ್ಕಿರಿ. ಒಂಬತ್ತನೆಯದು ಸರಿಯಾಯಿತು. ಅದನ್ನು ನಿಮಗೇ ಕೊಟ್ಟುಬಂದೆ.

ಆ ಬೆಳಿಗ್ಗೆ ನನ್ನ ಮಗಳ ಮದುವೆಗೆ ಪಾತ್ರೆ ಆರಿಸಲು ತೊಗರ್ಸಿಯ ಬೀಗರು ಬಂದಿದ್ದರು. ದೊಡ್ಡಪ್ಪ ಅವರಿಗೆ ಹಂಡೆ ತೋರಿಸುತ್ತಿದ್ದರು. ನೀವು ಬಸ್ ಇಳಿದು ನೇರ ಬಂದವರು ಮೆಟ್ಟಿಲ ಮೇಲೆ ನಿಂತೇ ಕೂಗಿದಿರಿ, "ಸಾಹುಕಾರ್ರೆ, ನೀವು ಕಟ್ಟಿದ್ದಕ್ಕೇ ಬಿತ್ತು ಕಣ್ರೀ! ಮೊಳ ಉದ್ದದ ಮೀನು!"

ದೊಡ್ಡಪ್ಪ ತಿರುಗಿದರು. "ಯಾರಪ್ಪಾ ಇವ? ಮೀನು ಅಂತಾನಲ್ಲ?"

"ಗೊತ್ತಿಲ್ಲ ದೊಡ್ಡಪ್ಪ. ನನ್ನ ನೋಡಿ ಬೇರೆ ಯಾರೋ ಅಂದ್ಕೊಂಡಾನ" ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ನಿಮ್ಮ ಕಡೆ ಕೈ ಬೀಸಿ "ಹೋಗಪ್ಪಾ, ವ್ಯಾಪಾರದ ಹೊತ್ತು" ಎಂದೆ.

ನೀವು ನನ್ನನ್ನೇ ನೋಡಿದಿರಿ. ಆಮೇಲೆ ಬೀಗರ ರೇಷ್ಮೆ ಶಲ್ಯವನ್ನು, ಹಂಡೆಯನ್ನು. "ತಪ್ಪಾತ್ರೀ. ಅಂಗಡಿ ತಪ್ಪಿ ಬಂದೆ" ಎಂದು ಚಪ್ಪಲಿ ಮೆಟ್ಟಿ ಇಳಿದುಹೋದಿರಿ. ನನ್ನ ಸುಳ್ಳಿಗೆ ನೀವೇ ಸಾಕ್ಷಿ ಹೇಳಿದಿರಿ, ಅಣ್ಣಾ.

ಮುಂದಿನ ಭಾನುವಾರ ಬರಬೇಕೆಂದಿದ್ದೆ. ಅದರ ಮುಂದಿನದೂ. ಏನು ಹೇಳಲಿ ಎಂದು ಯೋಚಿಸುತ್ತ ಮೂರು ತಿಂಗಳು ಕಳೆದವು. ಕೊನೆಗೆ ಬಂದಾಗ ನಿಮ್ಮ ಮನೆಯವರು, ಹಾಲಮ್ಮಕ್ಕ, ದೊಡ್ಡಿ ಗುಡಿಸುತ್ತಿದ್ದರು, ಹಣೆ ಬರಿದಾಗಿತ್ತು. ಎದೆನೋವು ಅಂದಿರಂತೆ, ಸೊರಬದ ಆಸ್ಪತ್ರೆ ಮುಟ್ಟುವುದರೊಳಗೆ... ನೀವು ಹೋಗಿ ಆಗಲೇ ತಿಂಗಳಾಗಿತ್ತು. ಕಂಬಳಿ ಹಾಸಿ ಕೂರಿಸಿ, ಚಹಾ ಕೊಟ್ಟು ಹೇಳಿದರು, "ಆವತ್ತು ನಿಮಗೆ ಹೇಳ್ಬೇಕು ಅಂತ ಓಡಿ ಬಂದಿದ್ರು. ಸಾಹುಕಾರ್ರು ಅಂಗಡೀಲಿ ಇರ್ಲಿಲ್ಲ ಅಂತ ಸಪ್ಪಗೆ ವಾಪಸ್ ಬಂದ್ರು."

ಮನೆಯಾಕೆಯ ಮುಂದೆಯೂ ನನ್ನ ಮಾನ ಉಳಿಸಿದ್ದಿರಾ? ಚಹಾ ಪೂರ್ತಿ ಕುಡಿದೆ. ನಿಜ ಹೇಳಲಿಲ್ಲ. ಹೇಳದೆಯೇ ಎದ್ದು ಬಂದೆ. ಅಂಗಡಿಯಲ್ಲಿ ಆಡಿದ ಮಾತಿಗಿಂತ ಆ ಕಂಬಳಿಯ ಮೇಲೆ ಬಾಯಿ ಮುಚ್ಚಿ ಕೂತದ್ದೇ ನನಗೆ ಹೆಚ್ಚು ಹೇಸಿಗೆ.

ಎಂಟು ದಿನ ಬಿಟ್ಟು ಮತ್ತೆ ಹೋದೆ, ಎಲ್ಲ ಹೇಳಿದೆ. ಹಾಲಮ್ಮಕ್ಕ ಪೊರಕೆ ಕೆಳಗಿಡಲಿಲ್ಲ. "ನನ್ನ ಮುಂದೆ ಹೇಳಿದ್ರೆ ಏನ್ ಬಂತ್ರೀ? ಆವತ್ತು ಯಾರ್ಯಾರು ಕೂತಿದ್ರು, ಅವರ ಮುಂದೆ ಹೇಳ್ರಿ" ಎಂದು ಕುರಿ ಬಿಡಲು ಹೋದರು. ಚಹಾ ಕೊಡಲಿಲ್ಲ.

ಮೊನ್ನೆ ಲಗ್ನಪತ್ರಿಕೆಯ ಶಾಸ್ತ್ರಕ್ಕೆ ಎಲ್ಲರೂ ಸೇರಿದ್ದರು. ಅವರೆಲ್ಲರ ಮುಂದೆ ಹೇಳಿದೆ: ನಾನು ಮೀನು ಹಿಡಿಯುವವನು, ಅವತ್ತು ಬಂದವರು ನನಗೆ ಗೊತ್ತಿದ್ದರು, ಗೊತ್ತಿಲ್ಲವೆಂದು ಅವರನ್ನು ಓಡಿಸಿದೆ, ಅವರೀಗ ಇಲ್ಲ. ದೊಡ್ಡಪ್ಪ "ಮೊಮ್ಮಗಳ ಮುಂದೆ ಆಡೋ ಮಾತೇನೋ ಇದು" ಎಂದು ಎದ್ದು ಹೋದರು. ಇನ್ನೂ ಮಾತಾಡಿಲ್ಲ. ಬೀಗರು, "ಮೀನಿಂದು ನಿಮ್ಮ ಮನೆ ವಿಚಾರ. ಆದ್ರ ಮನೀ ಬಾಗಿಲಿಗೆ ಬಂದವರನ್ನ ಹಂಗ ಕಳಿಸಬಾರದಿತ್ರೀ" ಎಂದರು. ಮದುವೆ ನಿಲ್ಲಲಿಲ್ಲ. ನಿಂತಿದ್ದರೆ ನಾನು ಬಾಯಿ ಬಿಟ್ಟಿದ್ದಕ್ಕೆ ಪಶ್ಚಾತ್ತಾಪಪಡುತ್ತಿದ್ದೆನೋ ಏನೋ. ನನ್ನನ್ನು ನಾನೇ ನಂಬುವುದಿಲ್ಲ ಈಗ.

ನಿನ್ನೆ ಮಗಳನ್ನು ಕರೆದುಕೊಂಡು ಹೋಗಿ ಹಾಲಮ್ಮಕ್ಕನಿಗೆ ಪತ್ರಿಕೆ ಕೊಟ್ಟೆ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಮಗಳ ಕೈಗೆ ಒಂದು ತಂಬಿಗೆ ಹಾಲು ಕೊಟ್ಟು ಕಳಿಸಿದರು. ಬಂದರೆ, ಅಣ್ಣಾ, ಅವರನ್ನು ನಮ್ಮ ಮನೆಯ ಹೆಂಗಸರ ಸಾಲಿನಲ್ಲೇ ಕೂರಿಸುತ್ತೇನೆ. ಯಾರಿವರು ಎಂದು ಯಾರಾದರೂ ಕೇಳಿದರೆ, ನಿಮ್ಮ ಹೆಸರು ಹೇಳುತ್ತೇನೆ. ದೊಡ್ಡಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ.

ನಿಮ್ಮ,
ಶಿವಕುಮಾರ