ಕೈ ಮರಗಟ್ಟುವ ಮೊದಲೇ

ಪ್ರೀತಿಯ ಚಿಕ್ಕಪ್ಪಾ,

ಅಲ್ಲಿ ಮೇಲಿನ ಲೋಕದಲ್ಲಿ ಯಾರ ಜೊತೆ ಜೋರಾಗಿ ವಾದ ಮಾಡುತ್ತಿದ್ದೀಯೋ, ಸ್ವಲ್ಪ ಹೊತ್ತು ನಿಲ್ಲಿಸಿ ಇದನ್ನು ಓದು. ನನ್ನ ಬಲಗೈ ಮುರಿದಿತ್ತು. ಹೇಗೆ ಅಂತ ಕೇಳಬೇಡ... ಕೇಳೇ ಕೇಳುತ್ತೀಯ. ಹಿಂದೂಪುರದಲ್ಲಿ ನಾನು ಇಳಿಯುವ ಮೊದಲೇ ಬಸ್ಸು ಹೊರಟುಬಿಟ್ಟಿತು. ‘ಆಪಂಡಿ’ ಎಂದು ತೆಲುಗಿನಲ್ಲಿ ಒಂದು ಸಲ ಕೂಗಿದ್ದರೆ ಡ್ರೈವರ್ ನಿಲ್ಲಿಸುತ್ತಿದ್ದ. ಅಷ್ಟು ಜನರ ಮುಂದೆ ಕೂಗುವುದು ಹೇಗೆ? ಹಾರಿದೆ.

ನಿನಗೆ ನೆನಪಿದೆಯಾ, ಟಗರು ಗುದ್ದಿ ನಿನ್ನ ಮಣಿಕಟ್ಟು ಮುರಿದದ್ದು? ಕಲ್ಯಾಣದುರ್ಗದಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದು, ಕುಂದುರ್ಪಿಯ ಮನೆಯ ಜಗುಲಿಯಲ್ಲಿ ಕೂತು ಹೇಳಿದ್ದೆ: “ಕಂಕುಳಿಗೆ ಒಂದು ಸೂಜಿ ಹಾಕುದ್ರು ಕಣಮ್ಮ. ಸೂಜಿ ಆಚೆ ತೆಗೆಯೋದ್ರೊಳಗೆ ಕೈ ಸತ್ತೋಯ್ತು! ಇನ್ಯಾರ್ದೋ ಕೈ ಕುಯ್ದಂಗೆ ನೋಡ್ಕೊಂಡು ಮಲಗಿದ್ದೆ.” ಊರು ಸೇರುವ ಮೊದಲೇ ಮದ್ದು ಇಳಿದು ನೀನು ಬಸ್ಸಿನಲ್ಲಿ ಕೂಗಾಡಿದ್ದನ್ನು ಮಾತ್ರ ಚಿಕ್ಕಮ್ಮನೇ ಹೇಳಬೇಕಾಯಿತು.

ಹಿಂದೂಪುರದ ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ನನಗೆ ಗೊತ್ತಿದ್ದ ವೈದ್ಯಶಾಸ್ತ್ರವೆಲ್ಲ ಅಷ್ಟೇ. ಅರಿವಳಿಕೆ ಕೊಡುವ ಡಾಕ್ಟರಮ್ಮ ನನ್ನ ಕತ್ತಿನ ಬುಡದಲ್ಲಿ ಸೂಜಿ ಚುಚ್ಚಿ, ಪಕ್ಕದ ಸ್ಕ್ರೀನಿನಲ್ಲಿ ನರಗಳನ್ನು ನೋಡುತ್ತಾ ಮದ್ದು ಬಿಟ್ಟರು. ಸ್ವಲ್ಪ ಹೊತ್ತಿಗೆ ಸ್ಪಿರಿಟ್ ಹತ್ತಿ ಮುಟ್ಟಿಸಿ, “ಮೊದ್ದುಬಾರಿಂದಾ? ಮರಗಟ್ತಾ?” ಎಂದು ಎರಡು ಭಾಷೆಯಲ್ಲೂ ಕೇಳಿದರು. ಹತ್ತಿ ಐಸಿನಂತೆ ತಣ್ಣಗೆ ತಾಗುತ್ತಿತ್ತು. ಆದರೆ ನಿನ್ನ ಕೈ ಆ ಕ್ಷಣದಲ್ಲೇ ಸತ್ತಿತ್ತಲ್ಲ? ತಪ್ಪು ನನ್ನ ಕೈಯದೇ ಇರಬೇಕು. ಅಷ್ಟು ಕಷ್ಟಪಟ್ಟವರಿಗೆ ಬೇಜಾರು ಮಾಡುವುದೇಕೆಂದು ತಲೆಯಾಡಿಸಿದೆ.

ಮೂಳೆ ಡಾಕ್ಟರ್ ಬಂದರು. ನನ್ನ ಮುಖಕ್ಕೆ ಹಸಿರು ಬಟ್ಟೆ ಅಡ್ಡ. ಕುಯ್ಯುವ ಮೊದಲು ಅವರು ಚಿಮಟದಿಂದ ಚರ್ಮ ಹಿಡಿದು ಜಿಗುಟಿದರು. ಪ್ರಾಣ ಹೋಯಿತು. ಬಿ.ಎ.ಯಲ್ಲಿ ಸಾಹಿತ್ಯ ಓದಿದವಳಲ್ಲವೇ, ‘ದಯವಿಟ್ಟು’ ಎಂದು ಶುರುವಾಗುವ ಒಂದು ಮರ್ಯಾದೆಯ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟತೊಡಗಿದೆ. ಕ್ರಿಯಾಪದ ಸಿಗುವಷ್ಟರಲ್ಲಿ ಇನ್ನೊಮ್ಮೆ ಜಿಗುಟಿದರು.

“ಅಯ್ಯಯ್ಯಪ್ಪೋ, ಸತ್ತೇ! ಕೈ ಇನ್ನೂ ಬದುಕೈತೆ!”

ಥೇಟ್ ನಿನ್ನದೇ ದನಿ, ಚಿಕ್ಕಪ್ಪಾ.

“ಯಾಕಮ್ಮ ಸುಳ್ಳೇಳ್ದೆ?” ಎಂದರು ಡಾಕ್ಟರಮ್ಮ. ನಿನ್ನ ಕಥೆ ಹೇಳಿದೆ. ನಕ್ಕರು. “ಅವ್ರಿಗೆ ಕೊಟ್ಟಿದ್ದು ಲಿಗ್ನೋಕೇನ್ ಇರ್ಬೇಕು. ಬೇಗ ಹಿಡಿಯುತ್ತೆ, ಬೇಗ ಬಿಡುತ್ತೆ. ನಿಂಗೆ ಕೊಟ್ಟಿರೋದು ಬುಪಿವಕೇನ್. ಹಿಡಿಯೋಕೆ ಅರ್ಧ ಗಂಟೆ ಬೇಕು, ಹಿಡಿದ್ಮೇಲೆ ರಾತ್ರಿಯೆಲ್ಲ ನೋವು ಗೊತ್ತಾಗಲ್ಲ. ಆದ್ರೆ ಸೂಜಿ ತೆಗೆಯೋದ್ರೊಳಗೆ ಕೈ ಸಾಯ್ಸೋ ಮದ್ದು ಎಲ್ಲೂ ಇಲ್ಲ ಕಣಮ್ಮ. ಲಿಗ್ನೋಕೇನಿಗೂ ಹತ್ತು ಹದಿನೈದು ನಿಮಿಷ ಬೇಕು. ನಿಮ್ಮ ಚಿಕ್ಕಪ್ಪನೂ ಸುಮ್ನೆ ತಲೆ ಆಡಿಸಿರ್ತಾರೆ.”

ಚಿಕ್ಕಪ್ಪಾ, ನಿಜವಾ? ಟಗರಿನ ವ್ಯಾಪಾರದಲ್ಲಿ ಇಡೀ ಸಂತೆಯನ್ನೇ ಗದರಿಸುತ್ತಿದ್ದ ನೀನು, ಬಿಳಿ ಕೋಟಿನ ಮುಂದೆ... ಇನ್ಯಾರದೋ ಕೈ ಅಂದದ್ದು... ಅಬ್ಬಾ, ಎಷ್ಟು ನೋಯಿತೋ.

ಎಲ್ಲರೂ ನನಗಾಗಿ ಕಾದರು. ಆಮೇಲೆ ಕೈ ಹೋಯಿತು ನೋಡು, ಮರುದಿನ ಬೆಳಗಿನವರೆಗೆ ಪತ್ತೆಯಿಲ್ಲ! ಸಂಜೆ ಕತ್ತಿಗೆ ಕಟ್ಟಿದ್ದ ಬಟ್ಟೆಯ ಜೋಳಿಗೆಯಿಂದ ಜಾರಿ ಅಮ್ಮನ ಇಡ್ಲಿ ತಟ್ಟೆಗೆ ಬಿತ್ತು. “ಎತ್ಕೊಳೇ ನಿನ್ನ ಕೈಯ” ಎಂದು ಅಮ್ಮ ಬೈದಾಗಲೇ ನನಗೆ ಗೊತ್ತಾದದ್ದು.

ನಿನಗೆ ತಿಳಿಯದ ಸುದ್ದಿ ಇನ್ನೊಂದಿದೆ. ಹೋದ ವಾರ ಚಿಕ್ಕಮ್ಮನನ್ನು ಹಲ್ಲು ಕೀಳಿಸಲು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಒಸಡಿಗೆ ಸೂಜಿ ಹಾಕಿದ ಡಾಕ್ಟರ್ ಕೇಳಿ ಮುಗಿಸುವ ಮೊದಲೇ ಚಿಕ್ಕಮ್ಮ ತಲೆಯಾಡಿಸಿದಳು. ಇಕ್ಕಳ ಬಾಯಿಯ ಹತ್ತಿರ ಬಂತು.

“ತಡೀರಿ ಡಾಕ್ಟ್ರೇ!” ಎಂದೆ. ಹೊರಗಿನ ಬೆಂಚಿನವರೆಲ್ಲ ಇಣುಕಿ ನೋಡಿದರು. “ನಮ್ಮನೆಯೋರು ತಲೆ ಆಡ್ಸಿದ್ರೆ ನಂಬಬೇಡಿ.”

ಚಿಕ್ಕಮ್ಮ ನನ್ನನ್ನು ಕೆಕ್ಕರಿಸಿ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಮೆಲ್ಲಗೆ, “ಇನ್ನೂ ನೋಯ್ತೈತೆ” ಅಂದಳು.