ಪಾರ್ಸಲ್ ಟೀ ಹಿಡಿದವನ ಫೋಟೊ

ಕಾರೇಕೊಪ್ಪಲು, ಮಲ್ಲಿಪಟ್ಟಣ ಹೋಬಳಿ
೧೧ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಶಾಂತಿ ಅಕ್ಕನಿಗೆ ನಿನ್ನ ಕೀರ್ತಿಯ ಜೈಭೀಮ್.

ಚನ್ನರಾಯಪಟ್ಟಣದಲ್ಲಿ ಎಲ್ಲರೂ ಹೇಗಿದ್ದೀರಿ? ಬಸ್ ಓಡಿಸಿ ಓಡಿಸಿ ಭಾವನಿಗೆ ಹಿಡಿದುಕೊಂಡಿದ್ದ ಸೊಂಟನೋವು ಇಳಿಯಿತೇ? ದಿನವೆಲ್ಲ ನಿಂತು ಪಾಠ ಮಾಡಿ ನಿನ್ನ ಕಾಲು ಊದುತ್ತಿತ್ತಲ್ಲ, ಕಡಿಮೆಯಾಯಿತೇ ಅಂತ ಅವ್ವ ಕೇಳಿದ್ದಾಳೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀಯ, ನಾನು ಅರ್ಧಕ್ಕೇ ಇಟ್ಟುಬಿಡುತ್ತೇನೆ. ಅದಕ್ಕೇ ಬರೆದು ಚಿಕ್ಕಪ್ಪನ ಮಗ ಭೀಮನ ಕೈಲಿ ನಾಳೆ ಬೆಳಗಿನ ಬಸ್ಸಿಗೆ ಕಳಿಸುತ್ತಿದ್ದೇನೆ. ಅವನಿಗೆ ಊಟ ಹಾಕದೆ ಕಳಿಸಬೇಡ, ಹಸಿವಾದರೆ ಮನುಷ್ಯನೇ ಅಲ್ಲ ಅವನು.

ನನ್ನ ಕೆಲಸ ನಿನಗೆ ಗೊತ್ತು. ಅರಕಲಗೂಡಿನ ಸ್ಟುಡಿಯೋದಲ್ಲಿ ಮದುವೆ ಫೋಟೊ ಹೊಟ್ಟೆಪಾಡಿಗೆ. ಅಲ್ಲಿ ಎಲ್ಲರಿಗೂ ನಗಿ ನಗಿ ಅಂತ ಹೇಳಿ ಹೇಳಿ ಬಾಯಿ ನೋಯುತ್ತದೆ. ನನಗೆ ಬೇಕಾದ ಫೋಟೊಗಳೇ ಬೇರೆ. ಬೇಸಿಗೆಯಿಂದ ನಮ್ಮೂರಿನ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂರುತ್ತಿದ್ದೆ. ಎದುರಿಗೆ ಕಾಮಾಕ್ಷಮ್ಮನ ಹೋಟ್ಲು. ಮೊದಮೊದಲು ಜನ ಕ್ಯಾಮೆರಾ ಕಂಡರೆ ತಲೆ ಬಾಚಿಕೊಳ್ಳುತ್ತಿದ್ದರು. ನಾನು ಮಾತೂ ಆಡಲಿಲ್ಲ, ಕ್ಯಾಮೆರಾ ಕಣ್ಣಿಗೂ ಏರಿಸಲಿಲ್ಲ. ಆಮೇಲಾಮೇಲೆ ಅಲ್ಲಿ ಒಬ್ಬ ಕೂತಿದ್ದಾನೆ ಅನ್ನುವುದೇ ಅವರಿಗೆ ಮರೆತುಹೋಯಿತು. ಹಾಗೆ ಮರೆತ ಮೇಲೆಯೇ ಊರು ಊರಿನ ಹಾಗೆ ಕಾಣುವುದು.

ಕರೋನಾ ಬಂದಾಗ ಕಾಮಾಕ್ಷಮ್ಮ ಎಲ್ಲರಿಗೂ ಪೇಪರ್ ಲೋಟ ಮಾಡಿದಳು. ಕರೋನಾ ಹೋಯಿತು, ಮೇಲ್ಜಾತಿಯವರಿಗೆ ಗಾಜಿನ ಲೋಟ ವಾಪಸ್ ಬಂತು. ನಮ್ಮ ಕೇರಿಯವರಿಗೆ ಬರಲಿಲ್ಲ. ಯಾರೂ ಯಾರನ್ನೂ ಬೈಯುವುದಿಲ್ಲ, ಒಳಗೆ ಬರಬೇಡ ಅನ್ನುವುದಿಲ್ಲ. ಅಪ್ಪನನ್ನು ದೂರದಿಂದ ಕಂಡ ತಕ್ಷಣ 'ಗುಂಡಯ್ಯಂಗೊಂದು ಪಾರ್ಸಲ್ ಕಣ್ಲಾ' ಅನ್ನುತ್ತಾಳೆ, ಅಷ್ಟೇ. ಪಾರ್ಸಲ್ ಅಂದ ಮೇಲೆ ಹೊರಗೇ ಕುಡಿಯಬೇಕಲ್ಲ! ನಾನು ತೆಗೆದದ್ದು ಅದನ್ನೇ. ಒಳಗೆ ಬೆಂಚಿನ ಮೇಲೆ, ಅವ್ವ ಕೂಲಿಗೆ ಹೋಗುವ ಹೊಲದ ರಾಮಣ್ಣನವರು ಗಾಜಿನ ಲೋಟ ಹಿಡಿದಿದ್ದಾರೆ. ಹೊರಗೆ ಚರಂಡಿ ಪಕ್ಕ ಅಪ್ಪ ಎರಡೂ ಕೈಯಲ್ಲಿ ಪೇಪರ್ ಲೋಟ ಹಿಡಿದು ನಿಂತಿದ್ದಾನೆ, ಹೆಗಲ ಮೇಲೆ ನೀಲಿ ಚೌಕಳಿ ಟವೆಲ್ಲು.

ಹಾಸನದ ಒಂದು ಪ್ರದರ್ಶನಕ್ಕೆ ಆ ಫೋಟೊ ಕೊಟ್ಟೆ. ಯಾರೋ ಅದನ್ನು ಮೊಬೈಲಿಗೆ ಹಾಕಿದರು. ವಾರ ಕಳೆಯುವುದರೊಳಗೆ ಊರಲ್ಲೆಲ್ಲ ಅದೇ. ರಾಮಣ್ಣನವರು ತಮ್ಮ ಶುಂಠಿ ಹೊಲಕ್ಕೆ ಅವ್ವನನ್ನು ಕರೆಯುವುದು ಬಿಟ್ಟರು. ನಮ್ಮವರನ್ನು ಯಾರನ್ನೂ ಕರೆಯುತ್ತಿಲ್ಲ, ಕಳೆ ಕೀಳಲು ಬೇರೆ ಊರಿಂದ ಆಟೋದಲ್ಲಿ ಆಳು ಬರುತ್ತಿದ್ದಾರೆ. ಅವ್ವನ ಜೊತೆ ಕಳೆಗೆ ಹೋಗುತ್ತಿದ್ದ ನಮ್ಮ ಕೇರಿಯ ಸಣ್ಣಕ್ಕ ನನ್ನನ್ನು ಕಂಡು ಮುಖ ತಿರುಗಿಸಿಕೊಂಡು, 'ಫೋಟೋದ್ ಸಾವ್ಕಾರ ಬಂದ, ಕೂಲಿ ಕೊಡ್ತಾನೇನೋ ಕೇಳ್ರವ್ವಾ' ಅಂದಳು. ಅವಳ ತಪ್ಪೇನಿಲ್ಲ.

ಫೋಟೊ ಕಂಡು, ಹೋಟ್ಲಲ್ಲಿ ಜಾತಿ ನೋಡಿ ಲೋಟ ಕೊಡುತ್ತಾರೆಯೇ ಅಂತ ವಿಚಾರಿಸಲು ಶುಕ್ರವಾರ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ ಒಬ್ಬರು ಬಂದರು. ಒಳ್ಳೆಯವರೇ. ಎಲ್ಲರನ್ನೂ ಸ್ಕೂಲಿನ ಜಗಲಿಯಲ್ಲಿ ಕೂರಿಸಿ, ಅಪ್ಪನ ಮುಂದೆ ಫೋಟೊ ಹಿಡಿದು, ಇದು ನೀವೇ ತಾನೇ ಅಂತ ಕೇಳಿದರು. ಅಪ್ಪ ತುಂಬ ಹೊತ್ತು ನೋಡಿದ. 'ಇವ್ನು ಯಾರೋ ಗೊತ್ತಿಲ್ಲ ಸಾ. ನಾನು ಟೀನೇ ಕುಡಿಯಾಕಿಲ್ಲ' ಅಂದ. ಅವನ ಹೆಗಲ ಮೇಲೆ ಅದೇ ಟವೆಲ್ಲು ಇತ್ತು ಅಕ್ಕ. ಅಧಿಕಾರಿ ಟವೆಲ್ಲು ನೋಡಿದರು, ನನ್ನನ್ನು ನೋಡಿದರು. ರಾಮಣ್ಣನವರು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನಾನೇ ಕೂಗಾಡಿದೆ. ಸುಳ್ಳು ಯಾಕೆ ಹೇಳಿದೆ, ನಾಳೆಯಿಂದ ಪೇಪರ್ ಲೋಟ ನಾವೇ ಕೇಳಿ ಇಸಕೊಂಡದ್ದು ಅಂತ ಆಗುತ್ತೆ ಅಂದೆ. ಅಪ್ಪ ಎದುರು ಬೈಯಲಿಲ್ಲ. 'ಅಷ್ಟ್ ದಿನ ಆ ಕಟ್ಟೆ ಮ್ಯಾಲೆ ಕುಂತ್ಕಂಡು ನೋಡ್ದ್ಯಲ್ಲ ಮಗ, ಒಂದ್ ದಿನನಾದ್ರೂವೆ ಬಂದು ನನ್ ಪಕ್ಕದಲ್ಲಿ ನಿಂತ್ಕಂಡ್ಯಾ?' ಅಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಲೆ ಮುಂದೆ ಕೂತಿದ್ದಳು. ಅವತ್ತಿನಿಂದ ಅಪ್ಪ ನನ್ನ ಜೊತೆ ಮಾತಾಡಿಲ್ಲ. ನಾನು ಬಂದರೆ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಉಣ್ಣುತ್ತಾನೆ.

ಅವ್ವ ನಿನಗೂ ಭಾವನಿಗೂ ನೂರು ಕಾಲ ತಣ್ಣಗಿರಿ ಅಂತ ಹೇಳಿದ್ದಾಳೆ. ಸೊಪ್ಪು ಕಟ್ಟಿ ಕಳಿಸಿದ್ದಾಳೆ, ಬಾಡುವ ಮೊದಲು ಸಾರು ಮಾಡು.

ನಿನ್ನ ತಮ್ಮ,
ಕೀರ್ತಿರಾಜ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಈಗ ಬೆಳಗಾಗಿದೆ, ಭೀಮ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಫೋಟೊದಲ್ಲಿರುವವನನ್ನು ಮನೆಯವರು ಒಬ್ಬರು ಗುರುತಿಸಿದರೂ ಸಾಕು, ಆದರೆ ಫೋಟೊ ತೆಗೆದ ಮಗನ ಮಾತು ನಡೆಯುವುದಿಲ್ಲ ಅಂತ ಅಧಿಕಾರಿ ಹೇಳಿ ಹೋದರು. ಅವ್ವನನ್ನು ಕೇಳಲು ನನಗೆ ಮನಸ್ಸಾಗಲಿಲ್ಲ. ನಿನ್ನ ಹೆಸರು, ನಂಬರು ಬರೆಸಿದ್ದೇನೆ. ಮಂಗಳವಾರ ಅವರೇ ನಿನ್ನ ಸ್ಕೂಲಿಗೆ ಬರುತ್ತಾರೆ. ನಿನ್ನನ್ನೂ ಒಂದು ಮಾತು ಕೇಳದೆ ಮಾಡಿಬಿಟ್ಟೆ ಅಕ್ಕ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ನೀನು ಹೌದು ಅಂದರೆ ಊರ ಮುಂದೆ ಅಪ್ಪ ಸುಳ್ಳುಗಾರ ಆಗುತ್ತಾನೆ, ಅಲ್ಲ ಅಂದರೆ ನಾನು.