ಒಂದು ‘ರಿ’ ಕಡಿಮೆ

ಜುಲೈ ೫, ಶನಿವಾರ. ಸಂಜೆ

ಎರಡು ಬ್ಲೌಸಿಗೆ ಹುಕ್ಕು ಹಚ್ಚಿದೆ. ಮೂರನೆಯದರ ತೋಳು ಉಲ್ಟಾ ಬಂತು, ಬಿಚ್ಚಿದೆ. ಲಕ್ಷ್ಯವೆಲ್ಲ ಮೊಬೈಲಿನಲ್ಲಿ. ‘ಓದುವ ತಾಯಂದಿರು’ ಗ್ರೂಪಿಗೆ ನನ್ನನ್ನೂ ಸೇರಿಸಿದ್ದಾರೆ! ಮಗಳು ಸ್ನೇಹಲ್‌ಳ ಕ್ಲಾಸಿನ ತಾಯಂದಿರದು. ತಿಂಗಳಿಗೊಂದು ಪುಸ್ತಕ ಓದಿ, ಒಬ್ಬರ ಮನೆಯಲ್ಲಿ ಕೂತು ಮಾತಾಡುವುದು. ಈ ಸಲ ಅನ್ನಪೂರ್ಣಾ ಅವರ ಮನೆ. ಬೈಲಹೊಂಗಲ ಬಜಾರದ ಅರಳೆ ವ್ಯಾಪಾರಿಗಳು. ಅವರ ಮಧು ನನ್ನ ಸ್ನೇಹಲ್‌ಳ ಜೀವದ ಗೆಳತಿ. ಅವರ ಬ್ಲೌಸು ಹೊಲಿಯುವವಳೂ ನಾನೇ.

ಸ್ನೇಹಲ್ ಕುಣಿದಳು. “ಅವ್ವಾ, ಎಲ್ಲಾರ ಮಮ್ಮಿ ಜೋಡಿ ನೀನೂ ಕುಂಡ್ರತಿ!”

ಹೌದು. ಕೂರುತ್ತೇನೆ. ಅಷ್ಟೇ ಬೇಕು ನನಗೆ.

ಜುಲೈ ೯

ಈ ತಿಂಗಳ ಕಾದಂಬರಿ ಓದಿ ಮುಗಿಯಿತು. ಕೆಂಚವ್ವ ಎಂಬ ಕೆಲಸದ ಹೆಂಗಸಿನ ಕಥೆ. ಜೀವಮಾನವಿಡೀ ದುಡಿದ ಮನೆಯಲ್ಲಿ ಕೊನೆಗೊಂದು ದಿನ ಕುರ್ಚಿಯ ಮೇಲೆ ಕೂರುತ್ತಾಳೆ. ಅಲ್ಲಲ್ಲಿ ಬೋರ್. ಕೂತದ್ದು ಮಾತ್ರ ಮನಸ್ಸಿಗೆ ಬಂತು. ಏನು ಹೇಳಬೇಕೆಂದು ಕುಕ್ಕರ್ ಎದುರು ನಿಂತು ಪ್ರಾಕ್ಟೀಸ್ ಮಾಡಿದೆ. ಸ್ನೇಹಲ್ ನಕ್ಕಳು.

ಮಧ್ಯಾಹ್ನ ಅನ್ನಪೂರ್ಣಾ ಅವರ ಫೋನ್. “ಭಾಗೀರಥಿ, ಶನಿವಾರ ಬರೋ ಮುಂದ ಟೇಪ್ ತಗೊಂಡ್ ಬಾ. ಮಧೂಂದು ಲಂಗಾದ ಅಳತಿ ಐತಿ.”

ಆಗಲಿ ಅಂದೆ. ಆಮೇಲೆ ಊಟ ರುಚಿಸಲಿಲ್ಲ.

ಜುಲೈ ೧೨, ಶನಿವಾರ. ಮನೆಗೆ ಬಂದ ಕೂಡಲೇ

ಬರೆದುಬಿಡಬೇಕು.

ಇಳಕಲ್ ಸೀರೆ ಉಟ್ಟು ಹೋದೆ. ಬಾಗಿಲಲ್ಲೇ ಅನ್ನಪೂರ್ಣಾ — “ಬರ್ರಿ ಶಾಂಭವಿಯವರ, ಕುಂಡ್ರಿ. ಬಾ ಭಾಗೀರಥಿ, ಒಳಗ ಹೋಗು.” ಒಂದೇ ಉಸಿರಿನಲ್ಲಿ. ಬ್ಯಾಂಕಿನ ಶಾಂಭವಿಗೆ ‘ರಿ’. ನನಗಿಲ್ಲ. ವರ್ಷಗಟ್ಟಲೆ ಹೀಗೇ ಕರೆದಿದ್ದಾರೆ, ಅಳತೆ ಕೊಡುವಾಗ ಕಿವಿಗೆ ಬಿದ್ದಿರಲಿಲ್ಲ. ಇವತ್ತು ಬಿತ್ತು.

ಒಳಗೆ ಮಧುವಿನ ಸೊಂಟ ಅಳೆಯುತ್ತಿದ್ದೆ. ಹೊರಗೆ ಚರ್ಚೆ. ಯಾರೋ — “ಏನ್ ಸ್ವಾಭಿಮಾನರಿ ಆ ಕೆಂಚವ್ವಂದು!” ಅನ್ನಪೂರ್ಣಾ — “ನನಗಂತೂ ಅಳು ಬಂತ ನೋಡ್ರಿ.” ರಿ, ರಿ, ರಿ... ನಾನು ಹೊರಗೆ ಬರುವಷ್ಟರಲ್ಲಿ ಗಿರಮಿಟ್, ಮಿರ್ಚಿ, ಚಹಾ ಬಂದಿತ್ತು. ಖಾಲಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದೆ — “ನನಗ ಆ ಕೊನೀ ಭಾಗ...”

“ಅದನ್ನ ಆಮ್ಯಾಲೆ ಹೇಳುವಂತಿ. ಏಳು, ಮೊದಲ ಶಾಂಭವಿಯವರ ಅಳತಿ ತಗೋ. ಅವರು ಮುನವಳ್ಳಿ ಬಸ್ ಹಿಡೀಬೇಕು.”

ಏಳು ಅಂದಳು. ಕೆಂಚವ್ವ ಕೂತಿದ್ದಕ್ಕೆ ಅತ್ತವಳು. ನನ್ನ ನಾಲಿಗೆ ನಿಲ್ಲಲಿಲ್ಲ.

“ಟೇಪ್ ಅಲ್ಲೇ ಐತಿ, ಅನ್ನಪೂರ್ಣಾ. ನೀನ ತಗೋ.”

ಮಿರ್ಚಿ ಕಡಿಯುವ ಸದ್ದೂ ನಿಂತಿತು. ಬೈದಿಲ್ಲ, ಕೂಗಿಲ್ಲ. ಒಂದು ‘ರಿ’ ಬಿಟ್ಟೆ, ಅಷ್ಟೇ. “ಏನಂದಿ?” ಅಂದಳು. ನಾನು ಕಪ್ಪು ಎತ್ತಿಕೊಂಡೆ. ಚಹಾ ತಣ್ಣಗಾಗಿತ್ತು. ಪೂರ್ತಿ ಕುಡಿದೇ ಎದ್ದೆ.

ಜುಲೈ ೧೪

ಗ್ರೂಪಿನಿಂದ ತೆಗೆದಿದ್ದಾರೆ. ಅವರ ಮನೆಗೆಲಸದ ಬಾಯವ್ವ ಬಂದು ಹೊಲಿಯದ ಅರಿವೆಯನ್ನೆಲ್ಲ ಒಯ್ದಳು. “ಏನ್ ಮಾಡಿದ್ಯವಾ ತಂಗಿ?” ಅಂತ ಕೇಳಿದಳು.

“ಪುಸ್ತಕ ಓದಿದ್ನಿ” ಅಂದೆ.

ಹೋಗಲಿ. ಖುಷಿಯಾಗಿದ್ದೇನೆ. ನಿಜವಾಗಿ.

ಜುಲೈ ೨೭, ರವಿವಾರ

ಮಧು ಈಗ ಸ್ನೇಹಲ್‌ಳ ಪಕ್ಕ ಕೂರುವುದಿಲ್ಲವಂತೆ. ಇವಳೊಬ್ಬಳೇ ಡಬ್ಬಿ ಉಣ್ಣುತ್ತಾಳಂತೆ. ಇಷ್ಟು ದಿನ ಹೇಳಿರಲಿಲ್ಲ, ಹುಚ್ಚಿ.

“ಆಂಟಿಗೆ ‘ನೀ’ ಅಂದ್ಯಂತ. ಯಾಕ ಅಂದಿ?”

“ಆಕಿ ನನಗ ಅಂದ್ಲು.”

“‘ಆಕಿ’ ಅನಬ್ಯಾಡವ್ವಾ. ಅವರು ನಿನಗ ‘ನೀ’ ಅಂದ್ರ ನಡೀತದ. ನೀ ಅವರ ಬ್ಲೌಸ್ ಹೊಲಿಯಾಕಿ ಅಲ್ಲೇನು?”

ಇದನ್ನು ಇವಳಿಗೆ ಯಾರು ಕಲಿಸಿದರು? ಬಜಾರದ ಆ ಮನೆಯಲ್ಲಿ ಆಗದ ಅವಮಾನ ನನ್ನ ಅಡುಗೆಮನೆಯಲ್ಲಿ ಆಯಿತು. ಬೈಯಬೇಕೆಂದುಕೊಂಡೆ, ಅವಳ ಕಣ್ಣಲ್ಲಿ ನೀರು.

ಮೆಸೇಜ್ ಬರೆದೆ. ‘ತಪ್ಪಾತು ಅನ್ನಪೂರ್ಣಾ ಅವರ, ಮನಸಿಗೆ ಹಚ್ಚಿಕೊಬ್ಯಾಡ್ರಿ.’ ಹೆಗಲ ಮೇಲಿಂದ ಬಗ್ಗಿ ಓದಿದಳು.

“ತಪ್ಪಾತು ಅಲ್ಲವ್ವಾ. ತಪ್ಪಾತ್ರಿ.”

ತಿದ್ದಿದೆ. ಇನ್ನೂ ಕಳಿಸಿಲ್ಲ. ಇದನ್ನು ಬರೆದು ಮುಗಿಸಿ ಕಳಿಸುತ್ತೇನೆ ಅಂದಿದ್ದೇನೆ. ಮೊಬೈಲ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಾಳೆ. ಮುಗಿಸಬಾರದು. ಏನಾದರೂ ಬರೆಯುತ್ತಲೇ ಇರಬೇಕು. ಇನ್ನೊಂದು ಸಾಲು. ಇನ್ನೊಂದು